ನಾಲ್ಕು ತಂತಿಯ ಕೂಟಗಳು: ಯುಕುಲೇಲೆ ಬಳಗಗಳ ಚರಿತ್ರೆ

ಗಿಟಾರಿನ ಕುಲಕ್ಕೆ ಸೇರಿದ ನಾಲ್ಕು ತಂತಿಗಳ ಪುಟ್ಟ ವಾದ್ಯವಾದ ಯುಕುಲೇಲೆ ರೂಪುಗೊಂಡದ್ದು ಹವಾಯಿ ದ್ವೀಪಗಳಲ್ಲಾದರೂ, ಅದರ ಮೂಲ ಅಟ್ಲಾಂಟಿಕ್ ಸಾಗರದಲ್ಲಿರುವ ಪೋರ್ಚುಗೀಸರ ಮದೈರಾ ದ್ವೀಪದಲ್ಲಿದೆ. 1879ರ ಆಗಸ್ಟ್ ತಿಂಗಳಲ್ಲಿ, ಸುಮಾರು ನಾಲ್ಕು ತಿಂಗಳ ಪಯಣದ ಬಳಿಕ ಹೊನೊಲುಲು ಬಂದರನ್ನು ಸೇರಿದ ರೇವನ್ಸ್‌ಕ್ರ್ಯಾಗ್ ಎಂಬ ಹಡಗಿನಲ್ಲಿ, ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ದುಡಿಯಲು ಬಂದ ನಾನೂರಕ್ಕೂ ಹೆಚ್ಚು ಮದೈರಾದ ಜನರಿದ್ದರು. ಮರಗೆಲಸ ಬಲ್ಲ ಮನುಯೆಲ್ ನೂನೆಸ್, ಆಗಸ್ಟೊ ಡಿಯಾಸ್ ಮತ್ತು ಜೋಸೆ ದೊ ಎಸ್ಪಿರಿಟೊ ಸಾಂಟೊ ಅವರೂ ಅವರಲ್ಲಿ ಸೇರಿದ್ದರು. ಹಡಗಿಳಿದ ಒಂದೆರಡು ವಾರಗಳಲ್ಲೇ ಈ ದ್ವೀಪವಾಸಿಗಳು ರಾತ್ರಿಯ ಹೊತ್ತು ಬೀದಿಯಲ್ಲಿ ಸೇರಿ ನುಡಿಸುವುದನ್ನು ಸ್ಥಳೀಯ ಪತ್ರಿಕೆ ವರದಿ ಮಾಡಿತೆಂಬುದು ಗಮನಿಸಬೇಕಾದ ಸಂಗತಿ. ಏಕೆಂದರೆ ವಾದ್ಯವಿನ್ನೂ ತನ್ನ ಈಗಿನ ಆಕಾರವನ್ನೇ ಪಡೆಯದಿದ್ದ ಕಾಲದಲ್ಲಿ ಅದರ ಕೂಟ ಆಗಲೇ ಕಾಣಿಸಿಕೊಂಡಿತ್ತು.

ಕರಾರಿನ ಅವಧಿ ಮುಗಿಸಿ ಹೊನೊಲುಲುವಿಗೆ ಮರಳಿದ ಆ ಮೂವರು 1880ರ ದಶಕದಲ್ಲಿ ಅಂಗಡಿಗಳನ್ನು ತೆರೆದು, ಮದೈರಾದ ಮಷೆಟೆ ಎಂಬ ನಾಲ್ಕು ತಂತಿಯ ವಾದ್ಯದ ಮೈಕಟ್ಟನ್ನು ರಜಾವ್ ಎಂಬ ಐದು ತಂತಿಯ ವಾದ್ಯದ ಶ್ರುತಿಯೊಂದಿಗೆ ಕೂಡಿಸಿ, ಹವಾಯಿಯ ಕೋವಾ ಮರದಿಂದ ಹೊಸ ವಾದ್ಯವನ್ನು ತಯಾರಿಸಿದರು. ಕ್ರೈಸ್ತ ಪಾದ್ರಿಗಳ ಪ್ರಭಾವದಿಂದ ದಶಕಗಳ ಕಾಲ ನಿರ್ಬಂಧಕ್ಕೊಳಗಾಗಿದ್ದ ಹುಲ ನೃತ್ಯಕ್ಕೆ ಮತ್ತೆ ಗೌರವ ತಂದ ದೊರೆ ಕಲಾಕೌವ (ಆಳ್ವಿಕೆ 1874–1891) ಈ ಪರದೇಶಿ ಮೂಲದ ವಾದ್ಯವನ್ನು ಅರಮನೆಯ ಕೂಟಗಳಿಗೆ ಬರಮಾಡಿಕೊಂಡದ್ದರಿಂದ, ಒಂದು ಪೀಳಿಗೆ ಕಳೆಯುವಷ್ಟರಲ್ಲಿ ಅದು ಹವಾಯಿಯದೇ ವಾದ್ಯವೆನಿಸಿತು. ಅಂಗಳದಲ್ಲೋ ಕಡಲತೀರದಲ್ಲೋ ಬಂದವರೆಲ್ಲ ಕುಳಿತು ನುಡಿಸಿ ಹಾಡುವ ಅನೌಪಚಾರಿಕ ಕೂಟವನ್ನು ಅಲ್ಲಿನವರು ಕನಿಕಪಿಲ ಎನ್ನುತ್ತಾರೆ. ನಮ್ಮ ಊರುಗಳ ಭಜನೆಯಲ್ಲಿ ತಾಳ ಹಿಡಿದು ಕುಳಿತವನ ವಿದ್ವತ್ತನ್ನು ಹೇಗೆ ಯಾರೂ ಪರೀಕ್ಷಿಸುವುದಿಲ್ಲವೋ ಹಾಗೆಯೇ ಅಲ್ಲಿಯೂ ಸೇರಿಕೊಳ್ಳಲು ಅರ್ಹತೆಯ ಪ್ರಶ್ನೆ ಏಳುವುದಿಲ್ಲ.

ಅಮೆರಿಕದ ಮುಖ್ಯಭೂಮಿಯಲ್ಲಿ ಈ ವಾದ್ಯಕ್ಕೆ ದೊಡ್ಡ ಪ್ರಚಾರ ದೊರಕಿದ್ದು 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ನಡೆದ ಪನಾಮ–ಪೆಸಿಫಿಕ್ ಅಂತರರಾಷ್ಟ್ರೀಯ ವಸ್ತುಪ್ರದರ್ಶನದಿಂದ. ಅಲ್ಲಿನ ಹವಾಯಿ ಮಂಟಪದಲ್ಲಿ ಜಾರ್ಜ್ ಅವಾಯ್ ಅವರ ವೃಂದ ನುಡಿಸುತ್ತಿದ್ದುದನ್ನು ಕೇಳಿದ ಜನ ವಾದ್ಯಕ್ಕಾಗಿ ಅಂಗಡಿಗಳಿಗೆ ಮುಗಿಬಿದ್ದರು. ಗಿಟಾರಿಗೆ ಹೆಸರಾದ ಮಾರ್ಟಿನ್ ಕಂಪನಿ ಯುಕುಲೇಲೆಯ ತಯಾರಿಕೆಗೆ ಇಳಿಯಿತು, 1916ರಲ್ಲಿ ಹೊನೊಲುಲುವಿನಲ್ಲಿ ಸ್ಯಾಮ್ಯುಯೆಲ್ ಕಮಾಕ ತಮ್ಮ ಕಾರ್ಯಾಗಾರವನ್ನು ಆರಂಭಿಸಿದರು. ಇದೇ ಹವಾಯಿ ಸಂಗೀತದ ಅಲೆ ಭಾರತಕ್ಕೂ ತಲುಪಿತು. ಆದರೆ 1940ರ ದಶಕದಲ್ಲಿ ಕಲ್ಕತ್ತದಲ್ಲಿ ನೆಲೆಸಿದ್ದ ಟೌ ಮೋ ಮೊದಲಾದವರ ಮೂಲಕ ಇಲ್ಲಿ ಬೇರೂರಿದ್ದು, ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸುವ ಹವಾಯಿಯನ್ ಗಿಟಾರ್, ಯುಕುಲೇಲೆಯಲ್ಲ. ಗಮಕಕ್ಕೂ ಮೀಂಡಿಗೂ ಒಗ್ಗಿದ ಆ ವಾದ್ಯ ರಾಗಸಂಗೀತದ ವೇದಿಕೆ ಏರಿತು; ಹಾಡಿಗೆ ಒತ್ತಾಸೆ ಕೊಡುವ ಯುಕುಲೇಲೆಯ ಕೆಲಸವನ್ನು ಇಲ್ಲಿ ಹಾರ್ಮೋನಿಯಂ ಮೊದಲೇ ವಹಿಸಿಕೊಂಡಿತ್ತೆಂದು ತೋರುತ್ತದೆ.

ಅಪರಿಚಿತರು ಒಟ್ಟಿಗೆ ಕುಳಿತು ನುಡಿಸುವುದಕ್ಕೆ ವಾದ್ಯವೊಂದೇ ಸಾಲದು, ಎಲ್ಲರೂ ಓದಬಲ್ಲ ಒಂದು ಬರಹವೂ ಬೇಕಾಗುತ್ತದೆ. 1920ರ ದಶಕದಲ್ಲಿ ಮೇ ಸಿಂಘಿ ಬ್ರೀನ್ ಎಂಬ ನ್ಯೂಯಾರ್ಕಿನ ವಾದಕಿ ಆಗ ಮಾರಾಟವಾಗುತ್ತಿದ್ದ ಜನಪ್ರಿಯ ಹಾಡುಗಳ ಹಾಳೆಗಳಲ್ಲಿ, ಸಾಹಿತ್ಯ ಮತ್ತು ಸ್ವರಲಿಪಿಯ ಜೊತೆಗೆ, ಯಾವ ತಂತಿಯನ್ನು ಯಾವ ಮೆಟ್ಟಿನಲ್ಲಿ ಒತ್ತಬೇಕೆಂದು ಚುಕ್ಕೆಗಳಿಂದ ತೋರಿಸುವ ಸಣ್ಣ ಚೌಕಗಳು ಅಚ್ಚಾಗುವಂತೆ ಪ್ರಕಾಶಕರ ಮನವೊಲಿಸಿದರು. ಕಾರ್ಡ್ ಎಂದು ಕರೆಯಲಾಗುವ, ಏಕಕಾಲದಲ್ಲಿ ನುಡಿಯುವ ಸ್ವರಗಳ ಗುಚ್ಛವನ್ನು ಸೂಚಿಸುವ ಈ ಚೌಕಗಳಿಂದಾಗಿ ಸ್ವರಲಿಪಿಯನ್ನು ಓದಲಾರದವರಿಗೂ ಹಾಡಿನ ಜೊತೆ ನುಡಿಸುವುದು ಸಾಧ್ಯವಾಯಿತು. ಯುಕುಲೇಲೆಯ ಚರಿತ್ರೆಯಲ್ಲಿ ಹೆಸರಾಂತ ಏಕವ್ಯಕ್ತಿ ವಾದಕರಿಗೆ ಸಲ್ಲುವ ಪ್ರಶಂಸೆಯ ಒಂದು ಭಾಗವಾದರೂ ಈ ಚುಕ್ಕೆಗಳಿಗೆ ಸಲ್ಲಬೇಕು.

ಹಾಗಿದ್ದರೂ ವಾದ್ಯ ಹೆಚ್ಚು ಮಾರಾಟವಾದ ಕಾಲವೇ ಕೂಟಗಳು ನೆಲೆಯೂರಿದ ಕಾಲವೆಂದು ತಿಳಿಯುವುದು ತಪ್ಪಾದೀತು. ಮಾರಿಯೊ ಮಕಾಫೆರಿ 1949ರಿಂದ ತಯಾರಿಸಿದ ಅಗ್ಗದ ಪ್ಲಾಸ್ಟಿಕ್ ಯುಕುಲೇಲೆಗಳು, ದೂರದರ್ಶನದಲ್ಲಿ ಪಾಠ ಹೇಳಿಕೊಟ್ಟ ಆರ್ಥರ್ ಗಾಡ್‌ಫ್ರೀ ಅವರ ಪ್ರಚಾರದ ಬಲದಿಂದ ಲಕ್ಷಗಟ್ಟಲೆ ಮಾರಾಟವಾದವು. ರಾಕ್ ಸಂಗೀತದ ಜೊತೆ ಗಿಟಾರ್ ಬಂದೊಡನೆ ಅವುಗಳಲ್ಲಿ ಬಹುಪಾಲು ಅಟ್ಟ ಸೇರಿದವು. ದೂರದರ್ಶನದ ಮುಂದೆ ಕಲಿತವನಿಗೆ ಗುರುವಿದ್ದನೇ ಹೊರತು ಜೊತೆಗಾರರಿರಲಿಲ್ಲ. ಇದಕ್ಕೆ ಪ್ರತಿಯಾಗಿ, ಮಾರುಕಟ್ಟೆ ತಣ್ಣಗಿದ್ದ ವರ್ಷಗಳಲ್ಲಿ, ಯಾರೋ ಒಬ್ಬರು ಗೊತ್ತಾದ ಸ್ಥಳವನ್ನೂ ಗೊತ್ತಾದ ದಿನವನ್ನೂ ಪಟ್ಟುಹಿಡಿದು ಕಾಪಾಡಿದಲ್ಲಿ ಬಳಗಗಳು ಉಳಿದವು. ಹೊನೊಲುಲುವಿನಲ್ಲಿ ಹುಟ್ಟಿ ಜಪಾನಿನಲ್ಲಿ ನೆಲೆಸಿದ್ದ ಯುಕಿಹಿಕೊ ಹೈದಾ, ಯುದ್ಧಕಾಲದಲ್ಲಿ ಪಾಶ್ಚಾತ್ಯ ಸಂಗೀತದ ಮೇಲಿದ್ದ ನಿಷೇಧವನ್ನು ದಾಟಿ ಬಂದು, 1959ರಲ್ಲಿ ಅಲ್ಲಿನ ಯುಕುಲೇಲೆ ಸಂಘವನ್ನು ಸ್ಥಾಪಿಸಿದರು. ಇಂಗ್ಲೆಂಡಿನಲ್ಲಿ ಹಾಸ್ಯಗಾಯಕ ಜಾರ್ಜ್ ಫಾರ್ಮ್‌ಬಿ 1961ರಲ್ಲಿ ತೀರಿಕೊಂಡ ಬಳಿಕ ಅದೇ ವರ್ಷ ಅವರ ಅಭಿಮಾನಿಗಳು ಕಟ್ಟಿದ ಸಂಘದ ಸದಸ್ಯರು, ಬ್ಯಾಂಜೊ ಮತ್ತು ಯುಕುಲೇಲೆಗಳ ಮಿಶ್ರಣವಾದ ಬ್ಯಾಂಜೊಲೇಲೆಯನ್ನು ಹಿಡಿದು ಬ್ಲ್ಯಾಕ್‌ಪೂಲ್ ಪಟ್ಟಣದಲ್ಲಿ ಸೇರುವ ರೂಢಿಯನ್ನು ಬೆಳೆಸಿದರು.

ಇವೆಲ್ಲಕ್ಕಿಂತ ಆಳವಾದ ಪ್ರಯೋಗ ನಡೆದದ್ದು ಕೆನಡಾದಲ್ಲಿ. ಹ್ಯಾಲಿಫ್ಯಾಕ್ಸ್ ನಗರದ ಸರ್ಕಾರಿ ಶಾಲೆಗಳ ಸಂಗೀತ ಶಿಕ್ಷಣದ ಹೊಣೆಯನ್ನು 1967ರಲ್ಲಿ ವಹಿಸಿಕೊಂಡ ಜೆ. ಚಾಮರ್ಸ್ ಡೋನ್, ಬೆಲೆ ಕಡಿಮೆ, ಮಕ್ಕಳ ಕೈಗೆ ಹಿಡಿಯುವ ಗಾತ್ರ, ಬಾಯಿಂದ ಊದುವ ವಾದ್ಯಗಳಲ್ಲಿ ಸಾಧ್ಯವಾಗದಂತೆ ನುಡಿಸುತ್ತಲೇ ಹಾಡುವ ಅನುಕೂಲ ಎಂಬ ಕಾರಣಗಳಿಗಾಗಿ ಯುಕುಲೇಲೆಯನ್ನು ತರಗತಿಯ ವಾದ್ಯವನ್ನಾಗಿ ಮಾಡಿದರು. ಅವರು ಕಾರ್ಡುಗಳಲ್ಲೇ ನಿಲ್ಲದೆ ಸ್ವರಲಿಪಿಯ ಓದನ್ನೂ ಕಲಿಸಿದ್ದರಿಂದ, ಆ ಶಾಲೆಗಳಿಂದ ಹೊರಬಂದವರು ಹಾಡಿಗೆ ಜೊತೆ ನೀಡುವುದರ ಜೊತೆಗೆ ವೃಂದದಲ್ಲಿ ಬೇರೆ ಬೇರೆ ಸ್ವರಧಾರೆಗಳನ್ನು ಹಂಚಿಕೊಂಡು ನುಡಿಸಲೂ ಶಕ್ತರಾದರು. ಬ್ರಿಟನ್ನಿನಲ್ಲಿ 1985ರಲ್ಲಿ ಜಾರ್ಜ್ ಹಿಂಚ್‌ಲಿಫ್ ಮತ್ತು ಕಿಟಿ ಲಕ್ಸ್ ಆರಂಭಿಸಿದ ಯುಕುಲೇಲೆ ಆರ್ಕೆಸ್ಟ್ರಾ ಆಫ್ ಗ್ರೇಟ್ ಬ್ರಿಟನ್ ಇಂಥ ಹಂಚಿಕೆಯನ್ನು ನಗೆಯೊಂದಿಗೆ ವೇದಿಕೆಗೆ ತಂದಿತು.

2000ದ ನಂತರ ಮರಳಿ ಬಂದ ಉತ್ಸಾಹದಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಿಂದ ಲಂಡನ್‌ವರೆಗೆ ಹಲವು ಊರುಗಳಲ್ಲಿ ಕ್ಲಬ್ಬುಗಳು ಹುಟ್ಟಿದವು. ವಾದ್ಯದಂಗಡಿ, ಗ್ರಂಥಾಲಯ, ಪಬ್ಬಿನ ಮಹಡಿಯ ಕೋಣೆ ಇವೇ ಅವುಗಳ ಸಾಮಾನ್ಯ ತಾಣಗಳು, ಹೊಸಬರು ಜೊತೆಗಾರರನ್ನು ಹುಡುಕುತ್ತ ಮೊದಲು ಹೋಗುವುದೂ ಅಲ್ಲಿಗೇ. ಬಾಗಿಲು ಎಲ್ಲರಿಗೂ ತೆರೆದಿದ್ದರೂ ಶ್ರುತಿಯ ವಿಷಯದಲ್ಲಿ ಒಂದು ತೊಡಕು ಉಳಿದುಕೊಂಡಿದೆ: 1920ರ ದಶಕದ ಹಾಡಿನ ಹಾಳೆಗಳಲ್ಲಿ ಅನೇಕವು, ಹಾಗೆಯೇ ಡೋನ್ ಅವರ ಪಠ್ಯಕ್ರಮ, ವಾದ್ಯವನ್ನು ಇಂದಿನ ಬಹುತೇಕ ಕ್ಲಬ್ಬುಗಳ ಶ್ರುತಿಗಿಂತ ಒಂದು ಪೂರ್ಣಸ್ವರದಷ್ಟು ಮೇಲೆ ಕೂಡಿಸುತ್ತವೆ. ಹೀಗಾಗಿ ಹ್ಯಾಲಿಫ್ಯಾಕ್ಸ್‌ನ ಶಾಲೆಯಲ್ಲಿ ಕಲಿತವರು ಇಂಥ ಕೂಟಕ್ಕೆ ಬಂದರೆ ಒಂದೋ ತಂತಿಗಳನ್ನು ಸಡಿಲಿಸಿಕೊಳ್ಳಬೇಕು, ಇಲ್ಲವೇ ಪಕ್ಕದವರ ಬೆರಳು ನೋಡದೆ ತಮ್ಮ ಕಾರ್ಡುಗಳನ್ನು ತಾವೇ ಲೆಕ್ಕಹಾಕಿಕೊಂಡು ನುಡಿಸಬೇಕು.