ನಾಲಿಗೆ ಸೋತಲ್ಲಿ ಚೀಟಿ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಬರ್ಬನ್ ವಿಸ್ಕಿ ಕೊಳ್ಳುವವನಿಗೆ ನಾಲಿಗೆಯೇ ಅಳತೆಗೋಲು. ಅದನ್ನು ವಂಚಿಸುವುದು ಸುಲಭವಿತ್ತು. ಹಸಿ ಮದ್ಯಸಾರಕ್ಕೆ ಸುಟ್ಟ ಸಕ್ಕರೆಯ ಬಣ್ಣ, ಒಣಹಣ್ಣಿನ ರಸ ಸೇರಿಸಿದರೆ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿದಂತೆ ತೋರುತ್ತಿತ್ತು.

ಕೆಂಟಕಿಯ ಕರ್ನಲ್ ಇ. ಎಚ್. ಟೇಲರ್ ಮೊದಲಾದವರ ಒತ್ತಾಯದಿಂದ 1897ರಲ್ಲಿ ‘ಬಾಟಲ್ಡ್ ಇನ್ ಬಾಂಡ್’ ಕಾಯ್ದೆ ಬಂತು: ಒಂದೇ ಭಟ್ಟಿ, ಒಂದೇ ಹಂಗಾಮು, ಸರ್ಕಾರಿ ಕಾವಲಿನಲ್ಲಿ ಕನಿಷ್ಠ 4 ವರ್ಷ, ಶೇ. 50 ಮದ್ಯಸಾರ. ಬೆರಕೆ ಮಾಡುವವರು ತಮ್ಮದೂ ವಿಸ್ಕಿಯೇ ಎಂದು ವಾದಿಸಿದರು. 1909ರಲ್ಲಿ ಅಧ್ಯಕ್ಷ ಟಾಫ್ಟ್ ಜಗಳ ಬಗೆಹರಿಸಿದರು: ಧಾನ್ಯದ್ದಾದರೆ ವಿಸ್ಕಿ ಎನ್ನಬಹುದು, ಬೆರಕೆಯಾದರೆ ಹಾಗೆಂದು ಬರೆಯಬೇಕು.

ಇಂದು ಬ್ಲೆಂಡೆಡ್ ಬರ್ಬನ್‌ನಲ್ಲಿ ಸ್ಟ್ರೇಟ್ ಬರ್ಬನ್ ಶೇ. 51 ಇದ್ದರೆ ಸಾಕು. ಉಳಿದದ್ದು ಮಾಗದ ಮದ್ಯಸಾರವಾಗಿದ್ದರೆ ಅದರ ಪಾಲನ್ನು ಚೀಟಿಯಲ್ಲಿ ಕಾಣಿಸಲೇಬೇಕು. ಬಾಯಿಗೆ ಹಗುರ, ಜೇಬಿಗೂ ಹಗುರ, ಅದರಲ್ಲಿ ತಪ್ಪಿಲ್ಲ. ರುಚಿ ಹಿಡಿಸಿತೇ ಎಂಬುದನ್ನು ನಾಲಿಗೆ ಹೇಳುತ್ತದೆ. ಕೊಟ್ಟ ಬೆಲೆ ನ್ಯಾಯವೇ ಎಂಬುದನ್ನು ಆ ಸಣ್ಣ ಅಕ್ಷರಗಳೇ ಹೇಳಬೇಕು.