ಪುಕ್ಕಟೆ ಹಾಡು, ಬಿಟ್ಟಿ ಹಾಡು

ಮುಗಿಯದ ಹಾಡನ್ನು ಯಾರೂ ಮಾರುವುದಿಲ್ಲ. ಮಾರಬೇಕಾದರೆ ಹಾಡಿಗೆ ಒಂದು ಕೊನೆ ಬೇಕು, ಒಂದು ಹೊದಿಕೆ ಬೇಕು, ಹೊದಿಕೆಯ ಮೇಲೆ ಒಬ್ಬನ ಹೆಸರು ಬೇಕು, ಹೆಸರಿನ ಕೆಳಗೆ ಬೆಲೆ ಬೇಕು. ರೆಕಾರ್ಡು ಕಂಪನಿಗಳು ನಮಗೆ ಕಲಿಸಿದ ಪಾಠ ಇದು. ಆದರೆ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವವರ ನಡುವೆ ಸುಮಾರು ನಲವತ್ತು ವರ್ಷದಿಂದ ಇನ್ನೊಂದು ರೂಢಿ ನಡೆದುಕೊಂಡು ಬಂದಿದೆ. ಅರ್ಧ ಕಟ್ಟಿದ ಹಾಡನ್ನು, ಇನ್ನೂ ಹಸಿಯಾಗಿರುವ ಹಾಡನ್ನು ದುಡ್ಡು ಕೇಳದೆ ಜನರ ಮುಂದೆ ಹಾಕಿಬಿಡುವುದು. ಬೇಕಾದವರು ತಗೊಳ್ಳಲಿ, ಕೇಳಲಿ, ಬಿಚ್ಚಿ ಮತ್ತೆ ಕಟ್ಟಲಿ ಅನ್ನುವುದು. ಈ ಮಾತು ಬಂದಾಗಲೆಲ್ಲ ಅದು ಔದಾರ್ಯದ ಕತೆಯಾಗಿಬಿಡುತ್ತದೆ. ದೊಡ್ಡ ಕಲಾವಿದ, ದೊಡ್ಡ ಮನಸ್ಸು, ಧಾರಾಳವಾಗಿ ಕೊಟ್ಟ ಅಂತ. ದಾನಶೂರರ ಕತೆ ಕೇಳಿ ಕೇಳಿ ನಮ್ಮ ಕಿವಿ ದಡ್ಡುಗಟ್ಟಿದೆ. ಕೊಟ್ಟವರು ಯಾರು, ಕೊಟ್ಟದ್ದು ಯಾರ ದುಡಿಮೆ ಎಂದು ಕೇಳಿಕೊಂಡೇ ನಾವು ಈ ಚರಿತ್ರೆಯನ್ನು ಓದಬೇಕಾಗಿದೆ.

ಮೊದಲು ಯಂತ್ರದ ಮಾತು. 1985ರಲ್ಲಿ ಅಮೆರಿಕದ ಕಮೋಡೋರ್ ಕಂಪನಿ ಅಮಿಗಾ ಅನ್ನೋ ಕಂಪ್ಯೂಟರನ್ನು ಹೊರತಂದಿತು. 1987ರಲ್ಲಿ ಅದರ ಅಗ್ಗದ ಮಾದರಿ ಅಮಿಗಾ 500 ಬಂತು. ಯುರೋಪಿನಲ್ಲಿ ಸಾಧಾರಣ ಮನೆಗಳ ಹುಡುಗರ ಕೈಗೂ ಸಿಕ್ಕಿದ ಯಂತ್ರ, ಕೊಂಡದ್ದು ಆಟ ಆಡಲಿಕ್ಕೆ. ಅದರೊಳಗಿನ ಚಿಪ್ಪು ಏಕಕಾಲಕ್ಕೆ ನಾಲ್ಕು ದನಿ ನುಡಿಸುತ್ತಿತ್ತು, ನಾಲ್ಕೇ. ಸ್ಟುಡಿಯೋದ ಬಾಗಿಲನ್ನೇ ಕಾಣದವರಿಗೆ ಆ ನಾಲ್ಕು ದನಿಯೇ ವಾದ್ಯಮೇಳ. ಅದೇ 1987ರಲ್ಲಿ ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ಎಂಬಾತ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಎಂಬ ಪ್ರೋಗ್ರಾಂ ಬರೆದ. ಕೆಲಸದ ಬಗೆ ಇಷ್ಟೇ. ಮೊದಲು ಸದ್ದಿನ ತುಣುಕುಗಳನ್ನು ಕೂಡಿಹಾಕಬೇಕು: ಡ್ರಮ್ಮಿನ ಒಂದು ಏಟು, ಗಿಟಾರಿನ ಒಂದು ಮೀಟು, ಮನುಷ್ಯನ ಒಂದು ಕೂಗು. ಇವಕ್ಕೆ ಸ್ಯಾಂಪಲ್ ಅಂತಾರೆ. ಪರದೆಯ ಮೇಲೆ ನಾಲ್ಕು ಉದ್ದ ಸಾಲು, ಒಂದೊಂದು ಪುಟಕ್ಕೆ 64 ಗೆರೆ. ಯಾವ ಗೆರೆಯಲ್ಲಿ ಯಾವ ತುಣುಕು ಯಾವ ಸ್ವರದಲ್ಲಿ ನುಡಿಯಬೇಕು ಅಂತ ಅಕ್ಷರ, ಅಂಕಿಗಳಲ್ಲಿ ಬರೆಯಬೇಕು. ಗೆರೆಗಳು ಮೇಲಕ್ಕೆ ಸರಿದಂತೆ ಹಾಡು ನುಡಿಯುತ್ತದೆ. ಮಗ್ಗದ ಮುಂದೆ ಕೂತು ಅಭ್ಯಾಸ ಇರುವವರಿಗೆ ಇದು ಬೇಗ ಹೊಳೆದೀತು.

ಹೀಗೆ ಕಟ್ಟಿದ ಹಾಡಿನ ಫೈಲಿಗೆ ಮಾಡ್ಯೂಲ್ ಎಂದು ಹೆಸರು. ರೆಕಾರ್ಡು ಅಂದರೆ ಬಡಿಸಿದ ಎಲೆ. ಮಾಡ್ಯೂಲಿನಲ್ಲಿ ಊಟದ ಜತೆಗೇ ಅಕ್ಕಿ, ಬೇಳೆ, ಒಲೆ, ಸೌಟು ಎಲ್ಲ ಇರುತ್ತವೆ. ಯಾರದೋ ಮಾಡ್ಯೂಲನ್ನು ತೆರೆದರೆ ಅವನು ಬರೆದ ಒಂದೊಂದು ಸ್ವರವೂ ಕಾಣುತ್ತದೆ, ಬಳಸಿದ ಒಂದೊಂದು ತುಣುಕೂ ಕೈಗೆ ಸಿಗುತ್ತದೆ. ಎಲ್ಲಿ ಜಾಣತನ ಮಾಡಿದ, ಎಲ್ಲಿ ಒದ್ದಾಡಿದ, ಎಲ್ಲಿ ಕೈಬಿಟ್ಟ, ಎಲ್ಲ ಬಯಲು. ಗುಟ್ಟು ಇಟ್ಟುಕೊಂಡು ಗುರುವಾಗಲಿಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಸಂಗೀತ ಶಾಲೆಗೆ ಹೋಗದ, ಹೋಗಲಾಗದ ಎಷ್ಟೋ ಹುಡುಗರು ಬೇರೆಯವರ ಮಾಡ್ಯೂಲು ಬಿಚ್ಚಿಯೇ ಕಲಿತರು. ಇಂಥ ಹಾಡು ಹುಟ್ಟಿನಿಂದಲೇ ಮುಗಿಯದ ಹಾಡು. ತೆರೆದವನು ಒಂದು ಗೆರೆ ತಿದ್ದಿದರೂ ಅದು ಮುಂದುವರಿಯಿತು ಅಂತಲೇ ಅರ್ಥ.

ಒಬಾರ್ಸ್ಕಿಯ ಪ್ರೋಗ್ರಾಂ ಹೊರಟದ್ದು ಮಾರಾಟಕ್ಕೆ. ಅದನ್ನೂ ಹುಡುಗರು ಬಿಚ್ಚಿದರು, ತಪ್ಪು ತಿದ್ದಿದರು, ಸ್ಯಾಂಪಲ್ಲಿನ ಖಾನೆ ಹದಿನೈದು ಇದ್ದದ್ದನ್ನು ಮೂವತ್ತೊಂದು ಮಾಡಿದರು. 1989ರಲ್ಲಿ ಸ್ವೀಡನ್ನಿನವರ ನಾಯ್ಸ್‌ಟ್ರ್ಯಾಕರ್, ಮರುವರ್ಷ ಪ್ರೋಟ್ರ್ಯಾಕರ್, ಹೀಗೆ ಕೈಯಿಂದ ಕೈಗೆ ಬೆಳೆಯಿತು. ಕಾನೂನು ಪಂಡಿತರು ಇದನ್ನು ಕಳ್ಳತನ ಅಂದಾರು. ಅನ್ನಲಿ.

ಅಂತರ್ಜಾಲ ಮನೆ ಮನೆಗೆ ಬರುವ ಮೊದಲು ಈ ಹಾಡುಗಳು ಓಡಾಡಿದ್ದು ಅಂಚೆಯಲ್ಲಿ. ಫ್ಲಾಪಿ ಡಿಸ್ಕಿಗೆ ತುಂಬಿ, ಲಕೋಟೆಗೆ ಹಾಕಿ, ಫಿನ್ಲೆಂಡಿನಿಂದ ಜರ್ಮನಿಗೆ, ಅಲ್ಲಿಂದ ಮತ್ತೊಂದು ದೇಶಕ್ಕೆ. ಅಂಚೆ ಚೀಟಿಗೆ ದುಡ್ಡೆಲ್ಲಿ? ಚೀಟಿಯ ಮೇಲೆ ತೆಳ್ಳಗೆ ಅಂಟು ಸವರುತ್ತಿದ್ದರು. ತಲುಪಿದ ಮೇಲೆ ನೀರಲ್ಲಿ ತೊಳೆದರೆ ಅಂಚೆ ಮುದ್ರೆ ಹೋಗುತ್ತಿತ್ತು, ಚೀಟಿ ವಾಪಸು ಕಳಿಸಪ್ಪಾ ಅಂತ ಒಳಗೊಂದು ಕಾಗದ ಇರುತ್ತಿತ್ತು. ಯಾವ ಸರ್ಕಾರವೂ ಮೆಚ್ಚದ ಈ ಉಪಾಯ ನಮಗೆ ತುಂಬಾ ಹಿಡಿಸಿತು. ಟೆಲಿಫೋನ್ ತಂತಿಯ ಮೂಲಕ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಫೈಲು ಇಳಿಸಿಕೊಳ್ಳುವ ದಾರಿಯೂ ಇತ್ತು. 1992ರಲ್ಲಿ ಸ್ವಿಟ್ಜರ್ಲೆಂಡಿನ ವಿದ್ಯಾರ್ಥಿಗಳು ಅಮಿನೆಟ್ ಎಂಬ ಭಂಡಾರ ತೆರೆದರು, 1996ರಲ್ಲಿ ಮಾಡ್ ಆರ್ಕೈವ್ ಶುರುವಾಯಿತು. ಯಾರು ಬೇಕಾದರೂ ಇಡಬಹುದು, ಯಾರು ಬೇಕಾದರೂ ಒಯ್ಯಬಹುದು. ಈ ಹುಡುಗರ ಕೂಟಕ್ಕೆ ಡೆಮೋಸೀನ್ ಅಂತ ಹೆಸರು. 2020ರಲ್ಲಿ ಫಿನ್ಲೆಂಡ್, 2021ರಲ್ಲಿ ಜರ್ಮನಿ ಅದನ್ನು ತಮ್ಮ ದೇಶದ ಜೀವಂತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡವು. ಚೀಟಿ ತೊಳೆದವರು ಪರಂಪರೆಯಾದರು.

ಸ್ಯಾಂಪಲ್ಲಿಗೆ ಒಂದೊಂದು ಹೆಸರು ಬರೆಯಲು ಮಾಡ್ಯೂಲಿನಲ್ಲಿ ಖಾನೆಗಳಿದ್ದವು. ಒಂದು ಖಾನೆಯಲ್ಲಿ 22 ಅಕ್ಷರ ಹಿಡಿಸುತ್ತಿತ್ತು. ಹುಡುಗರು ಅಲ್ಲಿ ಸ್ಯಾಂಪಲ್ಲಿನ ಹೆಸರು ಬರೆಯುವುದಕ್ಕಿಂತ ಹೆಚ್ಚಾಗಿ ಪತ್ರ ಬರೆದರು. ಈ ಹಾಡು ಕಟ್ಟಿದವನು ನಾನು, ಇಂಥ ಗೆಳೆಯರಿಗೆ ನಮಸ್ಕಾರ, ಇಂಥವನು ನನ್ನದನ್ನು ಕದ್ದ. ಹೌದು, ಜಗಳವೂ ಇತ್ತು. ಹೇಳದೆ ಕೇಳದೆ ಇನ್ನೊಬ್ಬರ ಹಾಡಿಗೆ ತನ್ನ ಹೆಸರು ಹಚ್ಚಿದವನನ್ನು ಅವರು ಕೂಟದಲ್ಲಿ ಮಾನ ಕಳೆಯುತ್ತಿದ್ದರು. ಪುಕ್ಕಟೆ ಅಂದ ಮಾತ್ರಕ್ಕೆ ಹೆಸರು ಅಳಿಸಬಹುದು ಅಂತ ಅವರು ಒಪ್ಪಲಿಲ್ಲ. ಒಳ್ಳೆಯ ನ್ಯಾಯ. ಆದರೆ ಈ ನ್ಯಾಯ ಅವರವರ ನಡುವೆ ಮಾತ್ರ ನಡೆಯಿತು. ಖಾನೆಯೊಳಗಿನ ಆ ಡ್ರಮ್ಮಿನ ಏಟು ಎಲ್ಲಿಂದ ಬಂತು, ಹೊಡೆದ ಕೈ ಯಾರದು ಎಂದು ಕೇಳುವ ರೂಢಿ ಬೆಳೆಯಲಿಲ್ಲ.

ಒಂದು ಕೈಯ ಕತೆ ನಮಗೆ ಗೊತ್ತಿದೆ.

1969ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದ ದಿ ವಿನ್‌ಸ್ಟನ್ಸ್ ಎಂಬ ತಂಡ ಒಂದು ರೆಕಾರ್ಡು ತಂದಿತು. ಕರಿಯರೂ ಬಿಳಿಯರೂ ಕೂಡಿ ನುಡಿಸುತ್ತಿದ್ದ ತಂಡ. ಮುಂಬದಿಯ ಹಾಡು ಕಲರ್ ಹಿಮ್ ಫಾದರ್ ಹೆಸರು ಮಾಡಿತು, ಬರೆದ ರಿಚರ್ಡ್ ಸ್ಪೆನ್ಸರ್‌ಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಹಿಂಬದಿ ತುಂಬಲಿಕ್ಕೆ ಅಂತ ಹಾಕಿದ್ದು ಅಮೆನ್, ಬ್ರದರ್ ಎಂಬ ವಾದ್ಯದ ತುಣುಕು. ಅದರ ನಡುವೆ ಎಲ್ಲ ವಾದ್ಯ ನಿಂತು, ಗ್ರೆಗೊರಿ ಕೋಲ್ಮನ್ ಎಂಬ ಕರಿಯ ಡ್ರಮ್ಮರ್ ಒಬ್ಬನೇ ನಾಲ್ಕು ಆವರ್ತ ಬಡಿಯುತ್ತಾನೆ. ಸುಮಾರು ಏಳು ಸೆಕೆಂಡು. 1986ರಲ್ಲಿ ಈ ತುಣುಕು ಡಿಜೆಗಳಿಗಾಗಿ ಮಾಡಿದ ಒಂದು ಸಂಕಲನದಲ್ಲಿ ಸೇರಿತು. ಅಲ್ಲಿಂದ ಹಿಪ್‌ಹಾಪ್‌ಗೆ ಹೋಯಿತು, ಅಲ್ಲಿಂದ ಕಡಲು ದಾಟಿತು. 1990ರ ದಶಕದ ಶುರುವಿನಲ್ಲಿ ಬ್ರಿಟನ್ನಿನಲ್ಲಿ ಜಂಗಲ್ ಎಂಬ ಸಂಗೀತ ಹುಟ್ಟಿದ್ದು ಈ ಏಳು ಸೆಕೆಂಡನ್ನು ಕತ್ತರಿಸಿ, ವೇಗ ಏರಿಸಿ, ಹಿಂದುಮುಂದು ಮಾಡಿ. ಅದನ್ನು ಕತ್ತರಿಸಿದ ಯಂತ್ರಗಳಲ್ಲಿ ಅಮಿಗಾ ಕೂಡ ಒಂದು. ಅವನ ಡ್ರಮ್ಮಿಲ್ಲದಿದ್ದರೆ ಆ ಸಂಗೀತವೇ ಇಲ್ಲ ಅಂತ ಹೇಳಬಹುದು. ಸಾವಿರಾರು ಹಾಡುಗಳಲ್ಲಿ ಅವನ ಕೈ ಇದೆ.

ಕೋಲ್ಮನ್ 2006ರಲ್ಲಿ ಅಟ್ಲಾಂಟಾ ನಗರದಲ್ಲಿ ಸತ್ತ. ಮನೆ ಇರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ. ಆ ಏಳು ಸೆಕೆಂಡಿನಿಂದ ಅವನಿಗಾಗಲಿ, ಹಕ್ಕುದಾರನಾಗಿದ್ದ ಸ್ಪೆನ್ಸರನಿಗಾಗಲಿ ರಾಯಧನ ಬರಲಿಲ್ಲ. 2015ರಲ್ಲಿ ಬ್ರಿಟನ್ನಿನ ಅಭಿಮಾನಿಗಳು ಚಂದಾ ಎತ್ತಿ ಸ್ಪೆನ್ಸರನಿಗೆ ಸುಮಾರು 24,000 ಪೌಂಡು ತಲುಪಿಸಿದರು. ಡ್ರಮ್ಮು ಬಡಿದವನು ಸತ್ತು ಆಗಲೇ ಒಂಬತ್ತು ವರ್ಷ. ಸ್ಪೆನ್ಸರ್ 2020ರಲ್ಲಿ ತೀರಿಕೊಂಡ.

ಇಲ್ಲಿ ಆತುರದ ತೀರ್ಪು ಕೊಡಬಾರದು ಅನ್ನೋದು ನಮಗೂ ಗೊತ್ತು. ಅವನ ಏಟನ್ನು ತಗೊಂಡ ಬ್ರಿಟನ್ನಿನ ಹುಡುಗರಲ್ಲಿ ಬಹಳ ಜನ ಕೆರಿಬಿಯನ್ ದ್ವೀಪಗಳಿಂದ ಬಂದ ಕರಿಯರ ಮಕ್ಕಳು, ಕೂಲಿಕಾರರ ಮಕ್ಕಳು. ಅವರ ಬಳಿ ಡ್ರಮ್ಮೂ ಇರಲಿಲ್ಲ, ಸ್ಟುಡಿಯೋವೂ ಇರಲಿಲ್ಲ. ಇಲ್ಲದವನು ಇಲ್ಲದವನಿಂದ ತಗೊಂಡ. ನಾವು ಬೊಟ್ಟು ಮಾಡುವುದು ಅವರ ಕಡೆಗಲ್ಲ. ಆ ತುಣುಕಿದ್ದ ರೆಕಾರ್ಡುಗಳನ್ನು ಅಚ್ಚು ಹಾಕಿ, ಮಾರಿ, ಲೆಕ್ಕ ಬರೆದುಕೊಂಡ ಕಂಪನಿಗಳ ಕಡೆಗೆ. ಲೆಕ್ಕ ಬರೆಯಲು ಬಂದವರಿಗೆ ವಿಳಾಸ ಹುಡುಕಲು ಬರಲಿಲ್ಲವೇ?

ನಮ್ಮ ಮಾತಿನಲ್ಲಿ ಎರಡು ಪದಗಳಿವೆ. ಪುಕ್ಕಟೆ ಮತ್ತು ಬಿಟ್ಟಿ. ಪೇಟೆಯವರು ಎರಡನ್ನೂ ಒಂದೇ ಅರ್ಥದಲ್ಲಿ ಬಳಸ್ತಾರೆ. ಕೇರಿಯಲ್ಲಿ ಬೆಳೆದವರಿಗೆ ಬಿಟ್ಟಿ ಅಂದರೆ ಬಿಟ್ಟಿ ಚಾಕರಿ. ಊರ ಹಬ್ಬಕ್ಕೆ ತಮಟೆ ಬಡಿ ಅಂದರೆ ಬಡಿಯಬೇಕು, ಒಲ್ಲೆ ಅನ್ನೋ ಹಾಗಿಲ್ಲ, ಕೂಲಿ ಕೇಳೋ ಹಾಗಿಲ್ಲ. ಪುಕ್ಕಟೆಯಲ್ಲಿ ಕೊಡುವವನು ಒಬ್ಬ ಇರ್ತಾನೆ, ಅವನಿಗೆ ಕೊಡದೆ ಇರುವ ಸ್ವಾತಂತ್ರ್ಯವೂ ಇರುತ್ತದೆ. ಬಿಟ್ಟಿಯಲ್ಲಿ ಕೊಡುವವನೇ ಇಲ್ಲ, ತಗೊಳ್ಳುವವನು ಮಾತ್ರ. ಅಮಿಗಾದ ಹುಡುಗರ ಹಾಡು ಪುಕ್ಕಟೆ. ಕೋಲ್ಮನ್‌ನ ಏಳು ಸೆಕೆಂಡು ಬಿಟ್ಟಿ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ದೊಡ್ಡವರ ದಾನಗಳನ್ನು ನೋಡೋಣ. 1981ರಲ್ಲಿ ಬ್ರಯನ್ ಈನೋ, ಡೇವಿಡ್ ಬರ್ನ್ ಎಂಬ ಇಬ್ಬರು ಪ್ರಸಿದ್ಧರು ಮೈ ಲೈಫ್ ಇನ್ ದ ಬುಷ್ ಆಫ್ ಘೋಸ್ಟ್ಸ್ ಎಂಬ ಆಲ್ಬಮ್ ಮಾಡಿದ್ದರು. ರೇಡಿಯೋದಿಂದ, ಬೇರೆಯವರ ರೆಕಾರ್ಡುಗಳಿಂದ ಹಿಡಿದ ದನಿಗಳ ಸುತ್ತ ಕಟ್ಟಿದ ಸಂಗೀತ ಅದು. 2006ರಲ್ಲಿ ಅದರ ಎರಡು ಹಾಡುಗಳ ಪದರಗಳನ್ನು ಬಿಡಿಬಿಡಿಯಾಗಿ ಅಂತರ್ಜಾಲದಲ್ಲಿ ಉಚಿತವಾಗಿ ಹಾಕಿದರು. ಬನ್ನಿ, ನೀವೂ ಹೊಸದಾಗಿ ಕಟ್ಟಿ ಎಂದರು. ಒಂದು ಹಾಡು ನಿಂತಿರುವುದು ಲೆಬನಾನಿನ ಗಾಯಕಿ ಸಮೀರಾ ತೌಫೀಕ್‌ಳ ದನಿಯ ಮೇಲೆ, ಇನ್ನೊಂದು ನ್ಯೂ ಆರ್ಲಿಯನ್ಸಿನ ಒಬ್ಬ ಪಾದ್ರಿ ರೇಡಿಯೋದಲ್ಲಿ ಮಾಡಿದ ಉಪದೇಶದ ಮೇಲೆ. ಕೊಟ್ಟ ಹೆಸರು ಬಂದದ್ದು ಈನೋಗೆ, ಬರ್ನ್‌ಗೆ.

ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಜ್ನರ್ 2005ರಲ್ಲಿ ತನ್ನ ಒಂದು ಹಾಡಿನ ಪದರಗಳನ್ನು ಬಿಡಿಸಿ ಕೊಟ್ಟ. 2008ರಲ್ಲಿ ಘೋಸ್ಟ್ಸ್ ಹೆಸರಿನ 36 ತುಣುಕು ತಂದ. ಹತ್ತು ವಾರದಲ್ಲಿ ಮಾಡಿದ ಕರಡಿನಂಥವು, ತುಣುಕುಗಳಿಗೆ ಹೆಸರು ಕೂಡ ಇಲ್ಲ. ಮೊದಲ ಒಂಬತ್ತು ಉಚಿತ, ವ್ಯಾಪಾರಕ್ಕಲ್ಲದೆ ಯಾರೂ ಬಳಸಬಹುದು ಎಂದ. ಅದರ ಜತೆಗೇ 300 ಡಾಲರಿನ 2,500 ಪೆಟ್ಟಿಗೆಗಳನ್ನು ಮಾರಿದ. ಏಳೂವರೆ ಲಕ್ಷ ಡಾಲರ್, ಕೆಲವೇ ದಿನದಲ್ಲಿ. ತಪ್ಪೇನಿಲ್ಲ, ದುಡಿದವನು ಉಣ್ಣಲಿ. ದಾನ ಅನ್ನೋ ಮಾತು ಮಾತ್ರ ಬೇಡ.

ಇವರಲ್ಲಿ ನಮಗೆ ಹೆಚ್ಚು ಹತ್ತಿರ ಅನ್ನಿಸಿದ್ದು ಏಫೆಕ್ಸ್ ಟ್ವಿನ್ ಎಂಬ ಹೆಸರಿನ ರಿಚರ್ಡ್ ಜೇಮ್ಸ್. 1971ರಲ್ಲಿ ಹುಟ್ಟಿ, ಇಂಗ್ಲೆಂಡಿನ ಮೂಲೆಯ ಕಾರ್ನ್‌ವಾಲ್‌ನಲ್ಲಿ ಬೆಳೆದವನು. 2014ರ ತನ್ನ ಸೈರೋ ಆಲ್ಬಮ್ಮಿನ ಹೊದಿಕೆಯ ಮೇಲೆ ಅದನ್ನು ತಯಾರಿಸಲು, ಪ್ರಚಾರ ಮಾಡಲು ತಗುಲಿದ ಖರ್ಚನ್ನು ಪಟ್ಟಿ ಮಾಡಿ ಅಚ್ಚು ಹಾಕಿಸಿದ್ದ. ಬೆಲೆಯೊಳಗೆ ಏನೇನಿದೆ ಅಂತ ಹೊದಿಕೆಯ ಮೇಲೇ ತೋರಿಸಿದವರು ಅಪರೂಪ. 2015ರ ಶುರುವಿನಲ್ಲಿ, ಅದೇ ಆಲ್ಬಮ್ಮಿಗೆ ಗ್ರ್ಯಾಮಿ ಬಂದ ಹೊತ್ತಿನಲ್ಲೇ, ಸೌಂಡ್‌ಕ್ಲೌಡ್ ಎಂಬ ತಾಣದಲ್ಲಿ ಉದ್ದ ಅಂಕಿಗಳಿದ್ದ ಒಂದು ಹೆಸರಿನಲ್ಲಿ ಹಳೆಯ ಹಾಡುಗಳು ಒಂದೇ ಸಮ ಸುರಿಯತೊಡಗಿದವು. ಕೆಲವೇ ವಾರದಲ್ಲಿ ನೂರು ದಾಟಿ, ಕಡೆಗೆ ಇನ್ನೂರನ್ನೂ ಮೀರಿದವು. ಹರೆಯದ ದಿನಗಳಿಂದ ಟೇಪುಗಳಲ್ಲಿ ಬಿದ್ದಿದ್ದ ಸರಕು. ಕೆಲವು ಪೂರ್ಣ, ಕೆಲವು ಅರೆಬರೆ, ಕೆಲವು ಬರೀ ಯಂತ್ರ ಪರೀಕ್ಷೆ ಮಾಡಿದ ಸದ್ದು. ಇಳಿಸಿಕೊಳ್ಳಲು ಕಾಸಿಲ್ಲ. ಅವನಿಗೆ ಹೀಗೆ ಸುರಿಯುವ ಅನುಕೂಲ ಇತ್ತು, ಹೆಸರಿತ್ತು, ಅನ್ನಕ್ಕೆ ಕೊರತೆ ಇರಲಿಲ್ಲ. ಆದರೂ ಅಲ್ಲಿ ಇನ್ನೊಬ್ಬರ ದುಡಿಮೆಯ ಔದಾರ್ಯ ಕಡಿಮೆ, ತನ್ನದೇ ಅರೆಬರೆಯನ್ನು ಬಯಲಿಗಿಡುವ ಧೈರ್ಯ ಹೆಚ್ಚು. ಪ್ರತಿಭೆ ಅಂದರೆ ತಾಯ ಹೊಟ್ಟೆಯಿಂದ ಬಂದದ್ದು ಅಂತ ಹೇಳುವ ಜನ ಆ ಇನ್ನೂರು ಹಾಡನ್ನು ಕೇಳಬೇಕು. ಎಷ್ಟು ಸಲ ಸೋತಿದ್ದಾನೆ, ಎಷ್ಟು ಸಲ ಅದೇ ದಾರಿ ಮತ್ತೆ ತುಳಿದಿದ್ದಾನೆ ಅನ್ನೋದು ಅಲ್ಲಿದೆ.

ಮಾಡ್ಯೂಲುಗಳು ಈಗಲೂ ಸಿಗುತ್ತವೆ. ನಮ್ಮ ಕಂಪ್ಯೂಟರಿನಲ್ಲಿ ಅವನ್ನು ತೆರೆಯಲು ಬೇಕಾದ ಪ್ರೋಗ್ರಾಮೂ ಉಚಿತವಾಗಿ ಸಿಗುತ್ತದೆ. ಶಾಲೆಯಲ್ಲಿ ಒಂದು ಹಳೆ ಕಂಪ್ಯೂಟರ್ ಇರುವ ಮೇಷ್ಟ್ರುಗಳು ಮಕ್ಕಳಿಗೆ ತೆರೆದು ತೋರಿಸಬಹುದು. ಸಾಲುಗಳ ಮೇಲೆ ಆ ಖಾನೆಗಳು ಕಾಣುತ್ತವೆ: ಊರಿನ ಹೆಸರು, ಗೆಳೆಯರ ಹೆಸರು, ಜಗಳ, ನಮಸ್ಕಾರ. ಒಂದೊಂದು ಖಾನೆಗೆ 22 ಅಕ್ಷರ. ಗ್ರೆಗೊರಿ ಕೋಲ್ಮನ್ ಅಂತ ಇಂಗ್ಲಿಷಿನಲ್ಲಿ ಬರೆಯಲು, ನಡುವಿನ ತೆರಪೂ ಸೇರಿ, 15 ಸಾಕು.