ಭೂ ಉಪಯೋಗ ಬದಲಾವಣೆ (ವಾಣಿಜ್ಯದಿಂದ ವಾಸಕ್ಕೆ)

ಭೂ ಉಪಯೋಗ ಬದಲಾವಣೆ ಎಂದರೆ ಮಹಾಯೋಜನೆಯಲ್ಲಿ ಒಂದು ಉದ್ದೇಶಕ್ಕೆಂದು ಗುರುತಿಸಿದ ನಿವೇಶನವನ್ನಾಗಲಿ ಕಟ್ಟಡವನ್ನಾಗಲಿ ಕಾನೂನುಬದ್ಧವಾಗಿ ಬೇರೊಂದು ಉದ್ದೇಶಕ್ಕೆ ಬಳಸುವುದು. ಅಂಗಡಿ ಅಥವಾ ಮಳಿಗೆಯ ಜಾಗವನ್ನು ವಾಸದ ಮನೆಯಾಗಿ ಮಾರ್ಪಡಿಸುವುದು ಇದರ ಒಂದು ಬಗೆ. ಕರ್ನಾಟಕದಲ್ಲಿ ಇದನ್ನು ಮುಖ್ಯವಾಗಿ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯು ನಿಯಂತ್ರಿಸುತ್ತದೆ.

ಹಿನ್ನೆಲೆ

ಹುಬ್ಬಳ್ಳಿ ಮತ್ತು ಧಾರವಾಡದ ಹಳೆಯ ಪೇಟೆಗಳಲ್ಲಿ ರಸ್ತೆಯ ಕಡೆಗೆ ಅಂಗಡಿ, ಹಿಂಬದಿಯಲ್ಲಿ ಇಲ್ಲವೆ ಮೇಲೆ ವಾಸ ಎಂಬ ಪದ್ಧತಿ ರೂಢಿಯಲ್ಲಿತ್ತು. ಧಾರವಾಡ ಜಿಲ್ಲೆಯು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು; ಭಾರತದ ಮೊದಲ ನಗರ ಯೋಜನಾ ಕಾಯ್ದೆಯೂ 1915ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿಯೇ ಜಾರಿಗೆ ಬಂದಿತು. ಊರನ್ನು ವಾಸ, ವಾಣಿಜ್ಯ, ಕೈಗಾರಿಕೆ ಮುಂತಾದ ವಲಯಗಳಾಗಿ ವಿಂಗಡಿಸುವ ಕ್ರಮವು ನಂತರದ ಮಹಾಯೋಜನೆಗಳಿಂದ ನೆಲೆಗೊಂಡಿತು. ಅವಳಿ ನಗರದಲ್ಲಿ ಈ ಹೊಣೆಯು ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದ್ದಾಗಿದೆ.

ಕಾನೂನು

ಕಾಯ್ದೆಯ 14ನೆಯ ಪ್ರಕರಣದಂತೆ ಮಹಾಯೋಜನೆ ಜಾರಿಯಾದ ಮೇಲೆ ಯೋಜನಾ ಪ್ರದೇಶದೊಳಗಿನ ಪ್ರತಿಯೊಂದು ಬಳಕೆಯೂ ಅದಕ್ಕೆ ಅನುಗುಣವಾಗಿರಬೇಕು. ಮಹಾಯೋಜನೆಗಿಂತ ಭಿನ್ನವಾದ ಬಳಕೆಗೆ 14-ಎ ಪ್ರಕರಣವು ದಾರಿ ತೋರಿಸುತ್ತದೆ. ಸಾಮಾನ್ಯವಾಗಿ ಇದಕ್ಕೆ ಮೂರು ನಿಬಂಧನೆಗಳಿವೆ: ಬದಲಾವಣೆ ಸಾರ್ವಜನಿಕ ಹಿತದಲ್ಲಿರಬೇಕು, ಅನ್ಯ ಕಾನೂನುಗಳಿಗೆ ವಿರುದ್ಧವಾಗಿರಬಾರದು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಸರ್ಕಾರದ ಪೂರ್ವಾನುಮೋದನೆಯೂ ಬೇಕು.

ಆದರೆ ವಾಣಿಜ್ಯ ಅಥವಾ ಕೈಗಾರಿಕೆಯಿಂದ ವಾಸಕ್ಕೆ ಬದಲಾಯಿಸುವಾಗ ಕಾಯ್ದೆಯು ವಿನಾಯಿತಿ ನೀಡಿದೆ. ನಿಗದಿತ ಶುಲ್ಕವನ್ನು ಪಾವತಿಸಿ, ಬದಲಾವಣೆಗೆ ಮೊದಲೇ ಯೋಜನಾ ಪ್ರಾಧಿಕಾರಕ್ಕೆ ತಿಳಿಸಿದರೆ ಅನುಮತಿ ದೊರೆತಂತೆಯೇ ಭಾವಿಸಲಾಗುತ್ತದೆ. ಮನೆಯಿಂದ ನೆರೆಹೊರೆಗೆ ಜನಸಂದಣಿ, ವಾಹನ, ಸದ್ದುಗಳ ತೊಂದರೆ ಕಡಿಮೆ ಎಂಬ ವಿಚಾರ ಇದರಲ್ಲಿ ಕಾಣುತ್ತದೆ. ವಾಸದ ಮನೆಯನ್ನು ಅಂಗಡಿಯಾಗಿಸುವವರಿಗೆ ಈ ಸೌಲಭ್ಯವಿಲ್ಲ.

ಸಾರ್ವಜನಿಕ ಹಿತದ ಮಹತ್ವವನ್ನು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದು ಅಸಿಂಧುವೆಂದು ತೀರ್ಪಿತ್ತ ನ್ಯಾಯಾಲಯ, ಬಡಾವಣೆಯ ನಿವಾಸಿಗಳಿಗೆ ಅದನ್ನು ಪ್ರಶ್ನಿಸುವ ಹಕ್ಕಿದೆಯೆಂದು ಒಪ್ಪಿತು.

ಭೂ ಪರಿವರ್ತನೆಯೊಡನೆ ವ್ಯತ್ಯಾಸ

ಈ ಎರಡು ಪದಗಳನ್ನು ಜನರು ಒಂದೇ ಅರ್ಥದಲ್ಲಿ ಬಳಸುವುದುಂಟು. ಭೂ ಪರಿವರ್ತನೆಯು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೆಯ ಪ್ರಕರಣಕ್ಕೆ ಸೇರಿದ್ದು. ಕೃಷಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸುವುದಕ್ಕೆ ಸಂಬಂಧಿಸಿದೆ. ಭೂ ಉಪಯೋಗ ಬದಲಾವಣೆಯು ಮಹಾಯೋಜನೆಯ ವಲಯಕ್ಕೆ ಸಂಬಂಧಿಸಿದ್ದು. ಒಂದು ಆದೇಶವು ಇನ್ನೊಂದರ ಸ್ಥಾನವನ್ನು ತುಂಬಲಾರದು. ಹಾಗೆಯೇ ಕಟ್ಟಡವನ್ನು ಒಡೆದು ಕಟ್ಟುವುದಿದ್ದರೆ ನಕ್ಷೆಗೆ ಸ್ಥಳೀಯ ಸಂಸ್ಥೆಯ ಅನುಮತಿಯನ್ನು ಪ್ರತ್ಯೇಕವಾಗಿ ಪಡೆಯಬೇಕು.

ಗ್ರಾಮಗಳಲ್ಲಿ

ರಾಷ್ಟ್ರಧ್ವಜದ ಖಾದಿ ಬಟ್ಟೆಗೆ ಹೆಸರಾದ ಧಾರವಾಡ ತಾಲ್ಲೂಕಿನ ಗರಗದಂತಹ ಊರುಗಳಲ್ಲಿ, ಆಸ್ತಿಯು ಯೋಜನಾ ಪ್ರದೇಶದ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಕಟ್ಟಡದ ಅನುಮತಿ ಮತ್ತು ಮನೆಕರ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯಿತಿಗೆ ಸೇರಿವೆ. ಆಸ್ತಿಯ ದಾಖಲೆಯಾದ ನಮೂನೆ 9 ಮತ್ತು 11ನ್ನು ಇ-ಸ್ವತ್ತು ವ್ಯವಸ್ಥೆಯ ಮೂಲಕ ನೀಡಲಾಗುತ್ತದೆ.

ಪರಿಣಾಮಗಳು

ಬಳಕೆ ಬದಲಾದರೂ ದಾಖಲೆ ಬದಲಾಗದಿದ್ದಲ್ಲಿ ಹೊರೆ ಬೀಳುವುದು ಕುಟುಂಬದ ಮೇಲೆ. ವಾಸದ ಮನೆಗೂ ವಾಣಿಜ್ಯ ದರದ ತೆರಿಗೆ ಮತ್ತು ವಿದ್ಯುತ್ ಶುಲ್ಕ ಮುಂದುವರಿಯಬಹುದು. ಗೃಹಸಾಲ, ಮಾರಾಟ ಹಾಗೂ ವಾರಸುದಾರರ ನಡುವಿನ ವಾಟ್ನಿಯ ವೇಳೆ ತೊಡಕು ಉಂಟಾಗಬಹುದು. ಆದುದರಿಂದ ಶುಲ್ಕದ ರಸೀದಿಯನ್ನೂ ಪ್ರಾಧಿಕಾರಕ್ಕೆ ಕೊಟ್ಟ ಪತ್ರದ ಸ್ವೀಕೃತಿಯನ್ನೂ ಉತಾರದೊಡನೆ ಕಾಯ್ದಿರಿಸುವುದು ಅಗತ್ಯ.

ಇತರ ದೇಶಗಳಲ್ಲಿ

ನ್ಯೂಯಾರ್ಕ್ ನಗರವು 1916ರಲ್ಲಿ ಇಡೀ ನಗರಕ್ಕೆ ಅನ್ವಯಿಸುವ ವಲಯ ನಿಯಮಗಳನ್ನು ರೂಪಿಸಿತು. ಇಂಗ್ಲೆಂಡಿನಲ್ಲಿ 2021ರಿಂದ ಅಂಗಡಿ ಮತ್ತು ಕಚೇರಿಗಳನ್ನು ಪೂರ್ಣ ಯೋಜನಾ ಅರ್ಜಿಯಿಲ್ಲದೆ, ನಿರ್ದಿಷ್ಟ ಷರತ್ತುಗಳಿಗೆ ಒಳಪಟ್ಟು, ಮನೆಗಳಾಗಿ ಪರಿವರ್ತಿಸಲು ಅವಕಾಶ ನೀಡಲಾಗಿದೆ.